ಕೂತಲ್ಲೇ ಸಾಕು ಎಂದವರು

ಎಡಗಣ್ಣಿನ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ವೈದ್ಯರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಮುಖ ಕೆಳಗೇ ಇರಲಿ. ನನ್ನ ರೆಟಿನಾ ಹರಿದಿತ್ತು. ಅದನ್ನು ಜಾಗದಲ್ಲಿ ಒತ್ತಿ ಹಿಡಿಯಲೆಂದು ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ಬಿಟ್ಟಿದ್ದರು. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತದಲ್ಲ, ಹಾಗಾಗಿ ಅದು ಕಣ್ಣಿನ ಹಿಂಗೋಡೆಗೆ ಒತ್ತಬೇಕಾದರೆ ನಾನು ನೆಲ ನೋಡುತ್ತಲೇ ಇರಬೇಕು. ಮಲಗಿದಾಗ, ಕೂತಾಗ, ಗಂಜಿ ಕುಡಿಯುವಾಗಲೂ.

ನಾನು ಕೆಲಸ ಮಾಡುವುದು ದುಬೈಯ ಅಲ್ ಕೂಜ್‌ನಲ್ಲಿರುವ ಕನ್ನಡಕದ ಗಾಜು ತಯಾರಿಸುವ ಲ್ಯಾಬಿನಲ್ಲಿ. ಉಜ್ಜಿ ನುಣುಪಾಗಿ ಬಂದ ಗಾಜನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವುದು ನನ್ನ ಕೆಲಸ. ಊರವರ ಕಣ್ಣು ಸರಿಮಾಡುವ ನನಗೇ ಹೀಗಾಯಿತಲ್ಲ ಎಂದು ಲ್ಯಾಬಿನವರು ನಗಾಡಿ, ಆಮೇಲೆ ಪಾಪ ಎಂದು ಲಾಂಗ್ ಲೀವ್ ಕೊಟ್ಟರು. ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟಿನಲ್ಲಿ ಒಬ್ಬಳೇ ಇರುವ ಹಾಗಿರಲಿಲ್ಲ. ಕಣ್ಣಿಗೆ ಮದ್ದು ಬಿಡಲು, ಊಟ ಕೊಡಲು ಯಾರಾದರೂ ಬೇಕಿತ್ತು. ನನ್ನ ಗಂಡ ದೂರದ ಅಬುಧಾಬಿ ಕಡೆಯ ರುವೈಸ್‌ನ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರ್. ವಾರವಿಡೀ ಅಲ್ಲಿ ಕಂಪನಿ ಕೊಟ್ಟ ಮನೆಯಲ್ಲಿದ್ದು, ವಾರದ ಕೊನೆಗೆ ನನ್ನ ಹತ್ತಿರ ಬರುತ್ತಿದ್ದರು. ಈ ಸಲ ನಾನೇ ಅಲ್ಲಿಗೆ ಹೋದೆ. ಕಾರಿನ ಹಿಂದಿನ ಸೀಟಿನಲ್ಲಿ ದಿಂಬಿಗೆ ಮುಖ ಕೊಟ್ಟು ಹೋದದ್ದರಿಂದ ದಾರಿಯ ಮರುಭೂಮಿಯಾಗಲಿ ಸಮುದ್ರವಾಗಲಿ ಕಾಣಲಿಲ್ಲ. ರುವೈಸ್ ಬಂತೆಂದು ವಾಸನೆಯಿಂದ ತಿಳಿಯಿತು.

ಆ ಮನೆಯ ಹಾಲ್‌ನ ಒಂದು ಬದಿಗೆ ನನ್ನ ಮಂಚ ಹಾಕಿದರು. ಮಂಚದ ತುದಿಯಲ್ಲಿ ಎರಡು ದಿಂಬು, ನಡುವೆ ಮೂಗಿಗೆ ಗಾಳಿಯಾಡಲು ಸಂದು. ಸಂದಿಯಿಂದ ಕಾಣುವುದು ನೆಲದ ಬಿಳಿ ಟೈಲ್ ಮಾತ್ರ. ಎಡಗಣ್ಣಿನಲ್ಲಿ ಕಪ್ಪು ಅಂಚಿನ ಗುಳ್ಳೆ, ಬೋರಲು ಹಾಕಿದ ಬಟ್ಟಲಿನ ಹಾಗೆ, ನಾನು ಉಸಿರಾಡಿದರೂ ನಡುಗುತ್ತಿತ್ತು. ಓದುವ ಹಾಗಿಲ್ಲ, ಫೋನ್ ನೋಡುವ ಹಾಗಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡ, "ನಾನು ಓದಿ ಹೇಳ್ತೇನೆ" ಎಂದರು.

ಅವರು ಓದಲು ತೆಗೆದದ್ದು ಕಾದಂಬರಿಯಲ್ಲ.

ನಾವು ಕೊಂಕಣಿ ಮಾತನಾಡುವ ಕ್ಯಾಥೊಲಿಕರು. ಮದುವೆಯಾದ ಹೊಸತರಲ್ಲಿ ನನ್ನ ಗಂಡ ನನಗಿಂತ ಹೆಚ್ಚು ಭಕ್ತರಾಗಿದ್ದರು. ಆಮೇಲೆ ಎಲ್ಲೋ ಯಾವಾಗಲೋ ಅವರಿಗೆ ಆ ಪುಸ್ತಕಗಳ ರುಚಿ ಹತ್ತಿತು. ಮುನ್ನೂರು ವರ್ಷಗಳಿಗೂ ಹಿಂದೆ ಯುರೋಪಿನಲ್ಲಿ ದೇವರು, ಧರ್ಮಗ್ರಂಥ, ರಾಜ ಎಲ್ಲವನ್ನೂ ಒಂದೇ ಸಲಕ್ಕೆ ಪ್ರಶ್ನೆಗೆ ಒಡ್ಡಿದವರ ಪುಸ್ತಕಗಳು. "ಶಾಲೆಯಲ್ಲಿ ನಾವು ಕಲಿತ ವೈಚಾರಿಕ ಜಾಗೃತಿ ಉಂಟಲ್ಲ, ಅದು ಮೆತ್ತಗಿನ ಅರ್ಧ. ದೇವರೂ ಇರಲಿ, ದೊರೆಯೂ ಇರಲಿ, ಸ್ವಲ್ಪ ರಿಪೇರಿ ಮಾಡುವ ಎಂದವರದ್ದು. ಇವರು ಬುಡಕ್ಕೇ ಕೈ ಹಾಕಿದವರು" ಎನ್ನುತ್ತಿದ್ದರು. ಅವರಲ್ಲೊಬ್ಬನನ್ನು ಅವನ ಜನರೇ ಶಾಪ ಹಾಕಿ ಹೊರಗಟ್ಟಿದ್ದರಂತೆ. ಆತ ಹೊಟ್ಟೆಪಾಡಿಗೆ ಗಾಜು ಉಜ್ಜುತ್ತಿದ್ದನಂತೆ. "ನಿನ್ನ ಕಸುಬಿನವನು" ಎಂದು ನನ್ನ ಗಂಡ ಹೇಳುವಾಗ ಆತ ನಮ್ಮ ಸಂಬಂಧಿಕನೋ ಎಂಬಷ್ಟು ಹೆಮ್ಮೆ. ದೇವರೆಂಬವನು ಲೋಕದ ಹೊರಗೆ ಕೂತ ರಾಜನಲ್ಲ. ಇರುವುದೆಲ್ಲ ಯಾವುದೋ ಅದೇ ದೇವರು. ಅದರ ನಿಯಮ ಮುರಿದು ಏನೂ ನಡೆಯುವುದಿಲ್ಲ. ಪವಾಡ ಎಂಬುದು ನಮಗೆ ಕಾರಣ ಗೊತ್ತಿಲ್ಲದಿರುವುದಕ್ಕೆ ನಾವಿಟ್ಟ ಹೆಸರು. ನನಗೆ ಅರ್ಥವಾದ ಮಟ್ಟಿಗೆ ಆತ ಹೇಳಿದ್ದು ಇಷ್ಟು. ಗಂಡ ಚರ್ಚಿಗೆ ಬರುವುದನ್ನು ಬಿಟ್ಟಿದ್ದರು. ಜಗಳವೇನೂ ಆಗಿರಲಿಲ್ಲ. ನಾನು ಹೋಗುತ್ತಿದ್ದೆ, ಅವರು ಹೋಗುತ್ತಿರಲಿಲ್ಲ, ಅಷ್ಟೆ.

ಹೀಗೆ ಓದು ಶುರುವಾದ ಕೆಲವು ದಿನಗಳಲ್ಲಿ ಕರೆಗಂಟೆ ಬಾರಿಸಿ ಒಳಗೆ ಬಂದವರು ನನ್ನ ಗಂಡನ ಜತೆಗೇ ಕೆಲಸ ಮಾಡುವ ಸ್ನೇಹಿತರೊಬ್ಬರು. ಉಡುಪಿ ಕಡೆಯ ಬ್ಯಾರಿ ಮುಸ್ಲಿಮರು, ಕಂಪ್ರೆಸರ್ ವಿಭಾಗದಲ್ಲಿ ಟೆಕ್ನಿಷಿಯನ್. ಹೆಂಡತಿ, ಮಗಳು ಅಬುಧಾಬಿ ಪಕ್ಕದ ಮುಸಫ್ಫಾದಲ್ಲಿ. ಇವರು ಇಲ್ಲಿ ಬ್ಯಾಚುಲರ್ ಬ್ಲಾಕಿನಲ್ಲಿ. ನಾನು ಹೇಗಿದ್ದೇನೆಂದು ವಿಚಾರಿಸಲು ಬಂದವರು ಓದು ಕೇಳಿ ಕೂತುಬಿಟ್ಟರು. ಮರುದಿನವೂ ಬಂದರು. ಆಮೇಲೆ ದಿನಾ. ಅವರ ಮನೆಮಾತು ಬ್ಯಾರಿ, ನಮ್ಮದು ಕೊಂಕಣಿ. ಹಾಗಾಗಿ ದೇವರ ಚರ್ಚೆ ಕನ್ನಡದಲ್ಲಿ, ತಮಾಷೆ ತುಳುವಿನಲ್ಲಿ. ನನ್ನ ಗಂಡ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳುವರು. ಸ್ನೇಹಿತರು ತಡೆದು ತಡೆದು ಕೇಳುವರು. ಬಾಗಿಲು ಮಾತ್ರ ಭದ್ರವಾಗಿ ಹಾಕಿರುತ್ತಿತ್ತು. ಈ ದೇಶದಲ್ಲಿ ಧರ್ಮದ ಮಾತು ಮನೆಯೊಳಗೇ ಇರಬೇಕಾದ ಮಾತು ಎಂಬುದು ಮೂವರಿಗೂ ಹೇಳದೆಯೇ ಗೊತ್ತಿತ್ತು.

ಸ್ನೇಹಿತರ ಮುಖವನ್ನು ಆ ದಿನಗಳಲ್ಲಿ ನಾನು ನೋಡಲೇ ಇಲ್ಲ. ಮಂಚದ ಹತ್ತಿರ ಹಾದಾಗ ದಿಂಬಿನ ಸಂದಿಯಿಂದ ಅವರ ಪಾದಗಳಷ್ಟೇ ಕಾಣುತ್ತಿದ್ದವು. ಬಂದ ಕೂಡಲೇ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬರುತ್ತಿದ್ದರು. ಒದ್ದೆ ಪಾದದ ಗುರುತು ಟೈಲಿನ ಮೇಲೆ ಸ್ವಲ್ಪ ಹೊತ್ತು ಉಳಿದು ಆರಿಹೋಗುತ್ತಿತ್ತು. ಸೂರ್ಯ ಮುಳುಗಿದಾಗಿನ ಮಗ್ರಿಬ್ ನಮಾಜಿನ ಬಾಂಗ್ ಕೇಳಿದರೆ ಎದ್ದು ಮೂಲೆಗೆ ಹೋಗಿ ನಮಾಜ್ ಮುಗಿಸಿ, "ಹಾಂ, ಎಲ್ಲಿದ್ದೆವು?" ಎಂದು ಬಂದು ಕೂರುತ್ತಿದ್ದರು. ಆ ಹೊತ್ತಿಗೆ ನನ್ನ ಗಂಡ ಚಹಾ ಮಾಡಲು ಅಡುಗೆಮನೆಗೆ ಹೋಗುವುದು ರೂಢಿಯಾಯಿತು. ಒಬ್ಬರು ನಮಾಜ್ ಮಾಡುವಾಗ ಎದುರಿಗೆ ಆ ಪುಸ್ತಕ ಹಿಡಿದು ಕೂರಲು ಅವರಿಗೆ ಸಂಕೋಚ.

ಒಂದು ಸಂಜೆ ಗಂಡ ಫ್ರೆಂಚ್ ಪಾದ್ರಿಯೊಬ್ಬನ ವಿಷಯ ಹೇಳಿದರು. ಹಳ್ಳಿಯೊಂದರಲ್ಲಿ ಜೀವಮಾನವಿಡೀ ಪೂಜೆ ಅರ್ಪಿಸಿದವನು, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟವನು, ಸಾಯುವವರ ಹಣೆಗೆ ಎಣ್ಣೆ ಹಚ್ಚಿದವನು. ಸತ್ತ ಮೇಲೆ, ಬರೆದಿಟ್ಟದ್ದು ಸಿಕ್ಕಿ ತಿಳಿಯಿತು, ಆತ ಅದರಲ್ಲಿ ಒಂದಕ್ಷರವನ್ನೂ ನಂಬಿರಲಿಲ್ಲ ಎಂದು.

ಸ್ನೇಹಿತರು, "ಅಷ್ಟು ವರ್ಷ ಅವ ಹೇಳಿದ ಪ್ರಾರ್ಥನೆ ಎಲ್ಲ ಎಲ್ಲಿಗೆ ಹೋಯ್ತು ಮಾರಾಯ್ರೆ?" ಎಂದರು.

"ಎಲ್ಲಿಗೂ ಹೋಗ್ಲಿಲ್ಲ. ಗಾಳಿಯಲ್ಲಿ ಶಬ್ದ, ಅಷ್ಟೆ" ಎಂದರು ಗಂಡ.

ನಾನು ದಿಂಬಿನೊಳಗಿಂದಲೇ, "ಹಾಗಲ್ಲ. ಪಾದ್ರಿ ಹೇಗಿದ್ದರೂ ಸಂಸ್ಕಾರ ಸಿಂಧು. ನಮಗೆ ಧರ್ಮೋಪದೇಶದಲ್ಲಿ ಹೇಳಿಕೊಟ್ಟದ್ದು" ಎಂದೆ.

"ಅದು ಭಯದ ವಿಷಯ ಅಲ್ವಾ?" ಎಂದರು ಸ್ನೇಹಿತರು. "ಒಬ್ಬ ಎದುರೇ ನಿಂತು ಪ್ರಾರ್ಥನೆ ಮಾಡ್ತಾನೆ. ಒಳಗೆ ಎಂತ ಉಂಟು ಅಂತ ಯಾರಿಗೂ ಗೊತ್ತಾಗುದಿಲ್ಲ. ಹೆಂಡ್ತಿಗೂ."

ನನ್ನ ಬೆನ್ನು ತಣ್ಣಗಾಯಿತು. ಎ.ಸಿ. ಇರಬೇಕು ಎಂದುಕೊಂಡೆ.

ಇದಾಗಿ ಸ್ವಲ್ಪ ದಿನಕ್ಕೆ ಸ್ನೇಹಿತರು ತಮ್ಮ ಕುರ್ಚಿಯನ್ನು ಪಡುವಣ ಕಿಟಕಿಯ ಕಡೆ ತಿರುಗಿಸಿ ಕೂರತೊಡಗಿದರು. "ಇಲ್ಲಿಂದ ಫ್ಲೇರ್ ಚಂದ ಕಾಣ್ತದೆ" ಎಂದರು. ರಿಫೈನರಿಯ ಚಿಮಣಿಯ ತುದಿಯಲ್ಲಿ ಉರಿಯುವ ಬೆಂಕಿ ಅದು. ಆ ದಿನ ಗಂಡ ಓದಿದ್ದು ದೇವರು ಒಂದು ಜಾಗದಲ್ಲಿ ಇಲ್ಲ, ಎಲ್ಲ ಜಾಗವೂ ಅವನೇ ಎಂಬ ಭಾಗ. "ಹಾಗಾದ್ರೆ ಎದ್ದು ಯಾವ ಕಡೆ ತಿರುಗುದು?" ಎಂದು ನಗುತ್ತಾ ಕೇಳಿದ್ದೂ ಗಂಡನೇ. ಅಷ್ಟರಲ್ಲಿ ಬಾಂಗ್ ಕೇಳಿತು. ಸ್ನೇಹಿತರು ಏಳಲಿಲ್ಲ.

"ಇನ್ನು ಕೂತಲ್ಲೇ ಸಾಕು ಮಾರಾಯ್ರೆ" ಎಂದರು. "ನೀವು ಚಹಾ ಮಾಡಿ ಹೋಗಿ."

ಮರುದಿನವೂ ಏಳಲಿಲ್ಲ. ಆಮೇಲೆಯೂ ಇಲ್ಲ. ಅವರು ಹೋದ ಮೇಲೆ ಗಂಡ ನನ್ನ ಕಣ್ಣಿಗೆ ಮದ್ದು ಬಿಡುತ್ತಾ, "ನೋಡಿದೆಯಾ, ನಮಾಜ್ ಬಿಟ್ಟರು" ಎಂದರು. ಅವರ ದನಿಯಲ್ಲಿ ಗೆದ್ದ ಸಂತೋಷವೂ ಇತ್ತು, ಏನೋ ಒಡೆದುಹೋಯಿತೋ ಎಂಬ ಅಳುಕೂ ಇತ್ತು.

ನವೆಂಬರಿನ ಶುರುವಿನಲ್ಲಿ ಸ್ನೇಹಿತರು ತೀರಿಕೊಂಡರು. ಬೆಳಿಗ್ಗೆ ಶಿಫ್ಟ್ ಬಸ್ಸಿಗೆ ಬರಲಿಲ್ಲವೆಂದು ರೂಮಿನ ಬಾಗಿಲು ತೆಗೆಸಿ ನೋಡಿದರೆ ಮಲಗಿದ್ದ ಹಾಗೇ ಹೋಗಿದ್ದರು. ಹೃದಯ ಎಂದರು ಡಾಕ್ಟರು. ಬನಿಯಾಸ್‌ನ ಕಬರಸ್ತಾನದಲ್ಲಿ ಮಣ್ಣು ಮಾಡಿದರು. ನನ್ನ ಗಂಡ ಹೋಗಿ ಬಂದರು. ಬಂದವರು ಶೂ ಕಳಚದೆ ಹಾಲ್‌ನಲ್ಲಿ ನಿಂತೇ ಇದ್ದರು. ಆ ಹೊತ್ತಿಗೆ ನನಗೆ ಎದ್ದು ಕೂರಲು ಅನುಮತಿ ಸಿಕ್ಕಿತ್ತು. ಅವರ ಶೂಗಳಿಂದ ಬಿದ್ದ ಕೆಂಪು ಮಣ್ಣನ್ನು ಗುಡಿಸಲು ಹೋದಾಗ "ಬೇಡ, ಇರಲಿ" ಎಂದರು.

ಅವರಿಲ್ಲದ ಮೇಲೆ ಕರೆಗಂಟೆ ಮೊದಲ ಸಲ ಕೂಗಿದ್ದು ಆ ವಾರವೇ.

ಚಳಿಗಾಲದಲ್ಲಿ ರುವೈಸ್‌ಗೆ ಕಡಲ ಕಡೆಯಿಂದ ಮಂಜು ಬರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಎದುರಿನ ಮನೆಗಳು ಕಾಣದಾಗಿ, ಫ್ಲೇರಿನ ಬೆಳಕು ಮಂಜಿನಲ್ಲಿ ಹರಡಿ, ಇಡೀ ಆಕಾಶ ಕಿತ್ತಳೆ ಬಣ್ಣದ ಬಟ್ಟೆಯ ಹಿಂದೆ ದೀಪವಿಟ್ಟ ಹಾಗೆ ಆಗುತ್ತದೆ. ಅಂಥದ್ದೊಂದು ಸಂಜೆ, ಸ್ನೇಹಿತರು ಬರುತ್ತಿದ್ದ ಅದೇ ಹೊತ್ತಿಗೆ, ಕರೆಗಂಟೆ ಕೂಗಿತು. ಗಂಡ ಹೋಗಿ ತೆರೆದರು. ಯಾರೂ ಇರಲಿಲ್ಲ. ಮಕ್ಕಳ ಚೇಷ್ಟೆ ಎಂದುಕೊಂಡೆವು. ಮಾರನೆಯ ಸಂಜೆಯೂ ಕೂಗಿತು. ನಡುವೆ ಒಂದೆರಡು ದಿನ ಬಿಟ್ಟು ಮತ್ತೆ. ಪ್ರತಿಸಲವೂ ಬಾಂಗಿಗೆ ಸ್ವಲ್ಪ ಮೊದಲು.

ನಮ್ಮವರಿಗೆ ನವೆಂಬರ್ ಎಂದರೆ ಸತ್ತವರ ತಿಂಗಳು. ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳು ನಮ್ಮ ಪ್ರಾರ್ಥನೆಗಾಗಿ ಕಾಯುತ್ತವೆ, ಕೆಲವೊಮ್ಮೆ ಬಂದು ಬಾಗಿಲು ತಟ್ಟುತ್ತವೆ ಎಂದು ನನ್ನ ಅಜ್ಜಿ ಹೇಳುತ್ತಿದ್ದದ್ದನ್ನು ಮರೆತೇ ಬಿಟ್ಟಿದ್ದೆ. ಈಗ ಅದು ಬಂದು ಎದೆಯ ಮೇಲೆ ಕೂತಿತು. ಗಂಟೆ ಕೂಗಿದರೆ ಜಪಸರ ಹುಡುಕುತ್ತಿದ್ದೆ. ಎಡಗಣ್ಣಿನ ಗುಳ್ಳೆ ಆಗ ಅರ್ಧಕ್ಕೆ ಇಳಿದಿತ್ತು. ತಲೆಯೆತ್ತಿದರೆ ನೋಟದ ಕೆಳಗಿನ ಅರ್ಧದಲ್ಲಿ ಕಪ್ಪು ನೀರಿನ ಹಾಗೆ ಅಲುಗುತ್ತಿತ್ತು. ತೆರೆದ ಬಾಗಿಲಲ್ಲಿ ಮಂಜು, ಮಂಜಿನ ಮುಂದೆ ಗಂಡನ ಬೆನ್ನು, ಅವರ ಕಾಲ ಬಳಿ ಆ ಕಪ್ಪು. ಅದು ನನ್ನ ಕಣ್ಣಿನೊಳಗಿನದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅಲ್ಲಿ ಯಾರದೋ ಪಾದ ಹುಡುಕುತ್ತಿದ್ದೆ.

ಗಂಡ ಹೆದರಲಿಲ್ಲ. ಕಾರಣ ಇಲ್ಲದೆ ಯಾವುದೂ ಆಗುವುದಿಲ್ಲ ಎಂದು ಒಂದು ರಜಾದಿನ ಮಧ್ಯಾಹ್ನ ಸ್ಕ್ರೂಡ್ರೈವರ್, ಮೀಟರ್ ಹಿಡಿದು ಹೊರಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ನನ್ನನ್ನು ಕರೆದರು. ಗಂಟೆಯ ಬಟನ್ ಬಿಚ್ಚಿ, ತಂತಿ ಕಳಚದೆ ಅಂಗೈಯಲ್ಲಿಟ್ಟು ತೋರಿಸಿದರು.

"ನೋಡು, ಈ ರಬ್ಬರ್ ಟೋಪಿ ಸೀಳಿದೆ. ಒಳಗೆ ಉಪ್ಪು ಕೂತಿದೆ. ಸಂಜೆ ಮಂಜಿನ ಪಸೆ ಒಳಗೆ ಹೋಗ್ತದೆ, ಉಪ್ಪು ಒದ್ದೆಯಾದ್ರೆ ಕರೆಂಟ್ ಹರಿತದೆ, ಗಂಟೆ ಆಗ್ತದೆ. ಇಷ್ಟೇ."

ಬೆರಳು ಒದ್ದೆಮಾಡಿ ಸೀಳಿನ ಮೇಲೆ ಒಂದು ಹನಿ ಬಿಟ್ಟರು. ಮನೆಯೊಳಗೆ ಗಂಟೆ ಕೂಗಿತು. ಹಾಡುಹಗಲಲ್ಲಿ, ನನ್ನ ಕಣ್ಣೆದುರೇ. ನನಗೆ ನಗುವೇ ಬಂತು, ಅಷ್ಟು ಹಗುರವಾಯಿತು.

"ರಬ್ಬರ್ ಯಾಕೆ ಸೀಳಿತು?" ಎಂದು ಸುಮ್ಮನೆ ಕೇಳಿದೆ.

ಅವರು ಸೀಳಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ನೋಡಿದರು. "ದಿನಾ ಒತ್ತಿದವರು ಒಬ್ಬರೇ ಅಲ್ವಾ. ಅವರದ್ದು ಕಂಪ್ರೆಸರ್ ವಾಲ್ವ್ ತಿರುಗಿಸುವ ಕೈ. ಹೆಬ್ಬೆರಳಿಟ್ಟು ಗಟ್ಟಿ ಒತ್ತುತ್ತಿದ್ದರು." ಮತ್ತೆ ಮೆಲ್ಲಗೆ, "ಒಂದು ಲೆಕ್ಕದಲ್ಲಿ ಇದನ್ನು ಬಾರಿಸ್ತಾ ಇರುವುದು ಅವರೇ" ಎಂದರು.

ನನ್ನ ನಗು ಅಲ್ಲೇ ನಿಂತಿತು.

ಹೊಸ ಬಟನ್ ಹಾಕಿ ಎಂದೆ. ಹಾಕ್ತೇನೆ ಎಂದರು. ಮೇಂಟೆನೆನ್ಸಿಗೆ ಹೇಳಿದ್ದೇನೆ ಎಂದರು. ಹಾಕಲಿಲ್ಲ. ಹಳೆಯದನ್ನೇ ಮತ್ತೆ ಕೂಡಿಸಿ ಸ್ಕ್ರೂ ಬಿಗಿದರು. ಮಂಜು ಬಂದ ಸಂಜೆ ಗಂಟೆ ಕೂಗುವುದು, ಇವರು ಎದ್ದು ಹೋಗಿ ಬಾಗಿಲು ತೆರೆಯುವುದು ಮುಂದುವರಿಯಿತು. ಒಮ್ಮೆ ನಾನು ನೋಡುತ್ತಿದ್ದಂತೆ, ತೆರೆದ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಒಳಗೆ ಬರುವವರಿಗೆ ದಾರಿ ಬಿಡುತ್ತೇವಲ್ಲ, ಹಾಗೆ. ಮಂಜು ಎಣ್ಣೆಯ ವಾಸನೆಯ ಜತೆ ಒಳಗೆ ಬಂತು. ಆಮೇಲೆ ಬಾಗಿಲು ಹಾಕಿದರು.

"ಕಾರಣ ಸಿಕ್ಕಿತಲ್ಲ. ಇನ್ನು ಯಾಕೆ ತೆರೆಯುದು?" ಎಂದು ಸಿಟ್ಟಿನಿಂದ ಕೇಳಿದೆ.

"ಕಾರಣ ಬೇರೆ, ಮರ್ಯಾದೆ ಬೇರೆ" ಎಂದರು. "ಗಂಟೆ ಆದ್ರೆ ಬಾಗಿಲು ತೆಗಿಬೇಕು."

ಯಾವುದನ್ನೂ ನಂಬದ ಮನುಷ್ಯ ಹೀಗೆ ಹೇಳಿದಾಗ ಆದ ಹೆದರಿಕೆ ಆತ್ಮಗಳ ಹೆದರಿಕೆಗಿಂತ ದೊಡ್ಡದಾಗಿತ್ತು.

ಹೊಸ ವರ್ಷ ಬಂದ ಮೇಲೆ ನನ್ನ ಕಣ್ಣಿನ ಗುಳ್ಳೆ ಕರಗಿ ಸಾಸಿವೆಯಷ್ಟಾಗಿ ಒಂದು ದಿನ ಇಲ್ಲವಾಯಿತು. ಅಲ್ ಕೂಜ್‌ನ ಕೆಲಸಕ್ಕೆ ಮರಳಿದೆ. ವಾರದ ಕೊನೆಗೆ ಇವರು ದುಬೈಗೆ ಬರುವುದನ್ನು ಬಿಟ್ಟಿದ್ದರಿಂದ ನಾನೇ ರುವೈಸ್‌ಗೆ ಹೋಗುತ್ತಿದ್ದೆ. ಹಾಗೆ ಹೋಗಿದ್ದ ಮಾರ್ಚಿನ ಒಂದು ಶನಿವಾರ ಸ್ನೇಹಿತರ ಹೆಂಡತಿ ಫೋನ್ ಮಾಡಿದರು. ಗಂಡ ಸತ್ತ ಮೇಲೆ ಹೊರಗೆ ಬಾರದೆ ಕೂರುವ ಇದ್ದತ್‌ನ ಅವಧಿ ಮುಗಿದಿದೆ, ವೀಸಾ ಕ್ಯಾನ್ಸಲ್ ಆಗಿದೆ, ಊರಿಗೆ ಹೊರಟಿದ್ದೇವೆ, ಅದಕ್ಕೆ ಮೊದಲು ನಿಮ್ಮ ಗಂಡನಲ್ಲಿ ಒಂದು ವಿಷಯ ಕೇಳಲಿಕ್ಕುಂಟು ಎಂದರು.

ಸಂಜೆಯಾಗುತ್ತಿದ್ದಂತೆ ಮಗಳ ಜತೆ ಬಂದರು. ಹೆಂಗಸಿಗೆ ನನ್ನದೇ ಪ್ರಾಯ. ಕಾಲೇಜಿಗೆ ಸೇರಬೇಕಾದ ಮಗಳು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಫೋನ್ ಹಿಡಿದು ಕೂತಳು. ತಾಯಿ ನಾನು ಕೊಟ್ಟ ಜ್ಯೂಸ್ ಮುಟ್ಟಲಿಲ್ಲ. ಚೀಲದಿಂದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನನ್ನ ಗಂಡ ಸ್ನೇಹಿತರಿಗೆ ಕೊಟ್ಟಿದ್ದ ಪುಸ್ತಕ, ಆ ಗಾಜು ಉಜ್ಜುವವನದ್ದು.

"ಇದು ಅವರ ನಮಾಜಿನ ಚಾಪೆ, ಮುಸಲ್ಲಾದ ಪಕ್ಕ ಇತ್ತು. ನನಗೆ ಇಂಗ್ಲಿಷ್ ಅಷ್ಟು ಬರುದಿಲ್ಲ. ಮಗಳು ನೋಡಿ, ಇದು ದೇವರ ಬಗ್ಗೆ ಎಂತೆಂತದೋ ಬರೆದವನ ಬುಕ್ ಅಂತ ಹೇಳಿದ್ಳು." ಅವರು ನನ್ನ ಗಂಡನ ಮುಖವನ್ನೇ ನೋಡಿದರು. "ನೀವು ಸುಳ್ಳು ಹೇಳುದಿಲ್ಲ ಅಂತ ಅವರು ಯಾವಾಗ್ಲೂ ಹೇಳ್ತಿದ್ರು. ಅದಕ್ಕೆ ಕೇಳ್ತೇನೆ. ಇದನ್ನು ಓದಿ ಅವರ ಈಮಾನ್ ಹೋಯ್ತಾ?"

ನನಗೆ ಎದ್ದು ಒಳಗೆ ಹೋಗಿಬಿಡಬೇಕು ಎನಿಸಿತು. ಗಂಡ ಏನು ಹೇಳುತ್ತಾರೆಂದು ಗೊತ್ತಿತ್ತು; ಅವರಿಗೆ ಬೇರೆ ರೀತಿ ಹೇಳಲು ಬರುವುದಿಲ್ಲ. ಇಲ್ಲ ಎಂಬ ಒಂದು ಮಾತು ಸಾಕಿತ್ತು, ಆ ಹೆಂಗಸು ಊರಿಗೆ ಸಮಾಧಾನದಿಂದ ಹೋಗುತ್ತಿದ್ದರು.

"ಮೊದಲು ಇಲ್ಲೇ ನಮಾಜ್ ಮಾಡ್ತಿದ್ರು" ಎಂದರು ಗಂಡ. "ಕೊನೆಕೊನೆಗೆ ಏಳುದನ್ನು ಬಿಟ್ರು. ನಾವು ದೇವರು ಎಲ್ಲ ಕಡೆ ಇರುವ ವಿಷಯ ಓದಿದ ದಿನ, ಇನ್ನು ಕೂತಲ್ಲೇ ಸಾಕು ಅಂದ್ರು. ಆಮೇಲೆ ಎದ್ದದ್ದು ನಾನು ನೋಡ್ಲಿಲ್ಲ. ನನ್ನಿಂದ ಹಾಗಾಯ್ತೋ ಏನೋ. ನನಗೆ ಗೊತ್ತಿರುವುದು ಇಷ್ಟು."

ಮಗಳು ಫೋನಿನಿಂದ ತಲೆಯೆತ್ತಿದಳು. ತಾಯಿಯ ಮುಖದಲ್ಲಿ ನಾನು ಎಣಿಸದೇ ಇದ್ದ ಬದಲಾವಣೆ ಕಂಡಿತು.

"ಕೂತಲ್ಲೇ ಸಾಕು ಅಂದ್ರಾ? ಹಾಗೇ ಹೇಳಿದ್ರಾ?"

"ಹೌದು."

"ಅವರ ಮೊಣಕಾಲು ಹೋಗಿತ್ತು" ಎಂದರು. "ಸುಜೂದ್‌ಗೆ ಬಗ್ಗಿ ಹಣೆ ನೆಲಕ್ಕಿಟ್ರೆ ಏಳಲಿಕ್ಕೆ ಆಗ್ತಿರ್ಲಿಲ್ಲ. ಡಾಕ್ಟರ್ ಕುರ್ಚಿಯಲ್ಲಿ ಕೂತು ನಮಾಜ್ ಮಾಡಿ ಅಂತ ಹೇಳಿದ್ರು. ಕಂಪನಿಯಲ್ಲಿ ಗೊತ್ತಾದ್ರೆ ಮೆಡಿಕಲ್ ಫಿಟ್‌ನೆಸ್ ಕೊಡುದಿಲ್ಲ ಅಂತ ಯಾರಿಗೂ ಹೇಳ್ಲಿಲ್ಲ. ನಿಮಗೂ ಹೇಳಿರ್ಲಿಕ್ಕಿಲ್ಲ."

ಆಕೆ ನನ್ನ ಕಡೆ ತಿರುಗಿದರು. "ನೀವು ಇದೇ ರೂಮಿನಲ್ಲಿದ್ರಲ್ಲ ಅಕ್ಕ. ಬಾಂಗ್ ಆಗುವಾಗ ಎಂತ ಮಾಡ್ತಿದ್ರು ಅವರು?"

"ನಾನು ಕವುಚಿ ಮಲಗಿದ್ದೆ. ನೆಲ ಬಿಟ್ಟು ಏನೂ ಕಾಣ್ತಿರಲಿಲ್ಲ" ಎಂದೆ. ನೆನಪು ಮಾಡಿಕೊಂಡೆ. ಗಂಡ ಅಡುಗೆಮನೆಗೆ ಹೋದ ಮೇಲಿನ ಆ ಹೊತ್ತು. ಎ.ಸಿ.ಯ ಗುಂಯ್ಗುಡುವಿಕೆ. ಅದರ ಅಡಿಯಲ್ಲಿ ಇನ್ನೊಂದು ಸಣ್ಣ ದನಿ, ಅದನ್ನೂ ಎ.ಸಿ. ಎಂದುಕೊಂಡಿದ್ದೆನೇ? "ಕುರ್ಚಿ ಕಿರ್ ಅನ್ನುತ್ತಿತ್ತು. ಸ್ವಲ್ಪ ಬಿಟ್ಟು ಮತ್ತೆ. ಮುಂದಕ್ಕೆ ಬಗ್ಗಿ ನೆಟ್ಟಗೆ ಕೂತ ಹಾಗೆ."

"ಕುರ್ಚಿ ಎಲ್ಲಿತ್ತು?"

ತೋರಿಸಿದೆ. ಪಡುವಣ ಕಿಟಕಿಗೆ ಮುಖಮಾಡಿ ಅದು ಇನ್ನೂ ಹಾಗೇ ಇತ್ತು. ಆಕೆ ಎದ್ದು ಹೋಗಿ ಅದರ ಹಿಂದೆ ನಿಂತು, ಫೋನಿನಲ್ಲಿ ಕಿಬ್ಲಾದ ದಿಕ್ಕು, ನಮಾಜಿಗೆ ಮುಖಮಾಡಬೇಕಾದ ಮಕ್ಕಾದ ಕಡೆ, ನೋಡಿದರು. ಮತ್ತೆ ತಿರುಗಿ, "ಸರಿಯಾಗಿಯೇ ಉಂಟು" ಎಂದಾಗ ಕಣ್ಣು ತುಂಬಿತ್ತು.

ನನ್ನ ಗಂಡನ ಮುಖ ಬಿಳಿಚಿತ್ತು. ಅವರು ಗೆದ್ದೆ ಎಂದುಕೊಂಡಿದ್ದ ಆ ಸಂಜೆಗಳಲ್ಲೆಲ್ಲ, ಗೋಡೆಯ ಈಚೆ ನೀರು ಕುದಿಯುತ್ತಿದ್ದಾಗ, ಆಚೆ ಸ್ನೇಹಿತರು ಪ್ರಾರ್ಥನೆಯಲ್ಲಿದ್ದರು. ಅಥವಾ ಬರಿದೇ ಕುರ್ಚಿಯಲ್ಲಿ ಹಿಂದೆ ಮುಂದೆ ತೂಗುತ್ತಾ ಬೆಂಕಿ ನೋಡುತ್ತಿದ್ದರು. ಯಾವುದು ಎಂದು ಹೇಳಬಲ್ಲವರು ಈಗ ಇಲ್ಲ.

"ಆ ದಿನ ಓದಿದ್ದು ಯಾವುದು? ಸ್ವಲ್ಪ ಹೇಳಿ" ಎಂದು ಆಕೆ ಕೇಳಿದರು. ಗಂಡ ಪುಟ ಹುಡುಕಿ, ತೊದಲುತ್ತಾ, ಕನ್ನಡದಲ್ಲಿ ಬಿಡಿಸಿ ಹೇಳಿದರು: ದೇವರು ಎಲ್ಲ ಕಡೆಯೂ ಇದ್ದಾನೆ, ಅವನನ್ನು ಪ್ರೀತಿಸುವವನು ಅವನಿಂದ ತಿರುಗಿ ಪ್ರೀತಿ ಬರಲಿ ಎಂದು ಕಾಯಬಾರದು, ಏನನ್ನೂ ಕೇಳಬಾರದು ಎಂಬರ್ಥದ ಮಾತು.

"ಇದು ನಮ್ಮ ಉಸ್ತಾದರೂ ಹೇಳ್ತಾರಲ್ಲ" ಎಂದರು ಆಕೆ. "ಇಷ್ಟೇನಾ?"

"ಇಷ್ಟೇ ಅಲ್ಲ. ನಿಮಗೆ ಹಿಡಿಸದ್ದು ತುಂಬ ಉಂಟು."

"ಅದು ಬೇಡ."

ಬಾಂಗಿನ ಹೊತ್ತಾಯಿತು. ಆಕೆ ಕೈಕಾಲು ತೊಳೆದು ಬಂದು, ಕುರ್ಚಿಯನ್ನು ತುಸು ಸರಿಸಿ ಅದರ ಜಾಗದಲ್ಲೇ ಚಾಪೆ ಹಾಸಿದರು. ಬಾಂಗ್ ಕೇಳಿ ನಮಾಜ್ ಶುರುಮಾಡಿದ ಮೇಲೆ, ಹೊರಗೆ ಮಂಜು ಕಟ್ಟಿ ಕಿಟಕಿ ಕಿತ್ತಳೆಯಾಗಿದ್ದಾಗ, ಗಂಟೆ ಕೂಗಿತು.

ಗಂಡ ಅರ್ಧ ಎದ್ದವರು ಹಾಗೇ ನಿಂತರು. ಹುಡುಗಿ ಬಾಗಿಲ ಹತ್ತಿರವೇ ಇದ್ದವಳು, ಹೋಗಿ ತೆರೆದಳು. ಮಂಜಿನತ್ತ ಆಚೆ ಈಚೆ ನೋಡಿದಳು. "ನೋಬಡಿ ಈಸ್ ದೇರ್, ಅಂಕಲ್" ಎಂದಳು. ಬಾಗಿಲು ಹಾಕದೆ ಹಿಡಿದೇ ನಿಂತಳು. ತಂದೆಯ ಹಾಗೆ ಅಗಲವಾದ ಹಣೆ ಅವಳದು ಎಂದು ಊಹಿಸಿದೆ. ನಾನು ಆ ಮುಖವನ್ನು ಅವರ ಮರಣದ ಸುದ್ದಿಯ ಫೋಟೊದಲ್ಲಿ ಮಾತ್ರ ನೋಡಿದ್ದೆ. ತಾಯಿ ನಮಾಜ್ ಬಿಟ್ಟು ತಿರುಗಲಿಲ್ಲ. ಬಗ್ಗಿ, ಹಣೆ ನೆಲಕ್ಕೆ ಮುಟ್ಟಿಸಿ, ಎದ್ದು, ಕೊನೆಗೆ ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಂ ಹೇಳಿ ಮುಗಿಸಿದ ಮೇಲೆಯೇ ಕೇಳಿದರು: "ಯಾರು ಬಂದದ್ದು?"

ಗಂಡ ಉಪ್ಪಿನ ವಿಷಯ, ಪಸೆಯ ವಿಷಯ ಹೇಳಿದರು. ಹೆಬ್ಬೆರಳಿನ ವಿಷಯವನ್ನೂ ಹೇಳಿದರು. ಆಕೆ ಚಾಪೆ ಮಡಚುತ್ತಾ ಕೇಳಿದರು.

"ಇಷ್ಟು ತಿಂಗಳು ನೀವು ಬಾಗಿಲು ತೆಗಿತಾ ಇದ್ರಾ?"

"ಹೌದು."

"ತೆಗಿಬೇಡಿ. ನೀವು ಓದಿದವರು, ನಿಮಗೆ ನಾನು ಹೇಳುದಲ್ಲ. ನಮ್ಮಲ್ಲಿ ಸತ್ತವರು ಬರುದಿಲ್ಲ. ಅಲ್ಲಿಗೂ ಇಲ್ಲಿಗೂ ನಡುವೆ ಒಂದು ಪರದೆ ಉಂಟು, ಅದು ದಾಟಿ ಯಾರೂ ಬರುದಿಲ್ಲ. ಇದು ತುಕ್ಕು ಹಿಡಿದ ಬಟನ್. ಕಿತ್ತು ಬಿಸಾಡಿ, ಖಲಾಸ್."

ಆ ಕೋಣೆಯಲ್ಲಿ ಅಪ್ಪಟ ವಿಚಾರವಾದಿಯ ಹಾಗೆ ಮಾತಾಡಿದವರು ಅವರೊಬ್ಬರೇ. ನಾನು ಆ ಕ್ಷಣಕ್ಕೂ ಜಪಸರ ಹಿಡಿದಿದ್ದೆ. ನನ್ನ ಗಂಡನಂತೂ ಬೈಸಿಕೊಂಡ ಶಿಷ್ಯನ ಹಾಗೆ ತಲೆ ತಗ್ಗಿಸಿದ್ದರು.

ಹೊರಡುವಾಗ ಗಂಡ ಪುಸ್ತಕವನ್ನು ಆಕೆಯ ಕಡೆ ಚಾಚಿ, "ಅವರಿಗೆ ಕೊಟ್ಟದ್ದು. ನೀವೇ ಇಟ್ಕೊಳ್ಳಿ" ಎಂದರು. ಆಕೆ ಬೇಡವೆಂದು ತಲೆಯಾಡಿಸಿದರು. ಮಗಳು ಕೈಚಾಚಿ ತೆಗೆದುಕೊಂಡು ತನ್ನ ಬ್ಯಾಗಿಗೆ ಹಾಕಿದಳು. "ಐ ವಿಲ್ ರೀಡ್ ಇಟ್" ಎಂದಳು, ಯಾರಿಗೆಂದಿಲ್ಲದೆ. ತಾಯಿ ಅವಳ ತಲೆಯ ಶಾಲು ಸರಿಮಾಡಿದರು. ಕಾರಿನ ಹಿಂದಿನ ಕೆಂಪು ದೀಪಗಳು ಮಂಜಿನಲ್ಲಿ ಬಹಳ ಬೇಗ ಮಾಯವಾದವು.

ಮರುದಿನ ಗಂಡ ಬಟನ್ ಕಿತ್ತು ತಂತಿಯ ತುದಿಗಳಿಗೆ ಟೇಪ್ ಸುತ್ತಿದರು. ಈಗ ಬರುವವರು ಬಾಗಿಲು ಬಡಿಯುತ್ತಾರೆ. ಓದು ನಿಂತಿದೆ. ಗಂಡ ಏನು ನಂಬುತ್ತಾರೆ ಎಂದು ನಾನು ಕೇಳಿಲ್ಲ. ಕೇಳಿದರೆ ನಿಜವನ್ನೇ ಹೇಳುತ್ತಾರೆ, ಅದೇ ನನಗೆ ಬೇಡವಾಗಿರುವುದು.

ಆದರೆ ಒಂದು ರೂಢಿ ಹಾಗೇ ಉಳಿದಿದೆ. ಶನಿವಾರ ಸಂಜೆ ನಾನು ಹಾಲ್‌ನಲ್ಲಿ ಕೂತಿದ್ದರೆ, ಬಾಂಗಿನ ಮೊದಲ ದನಿಗೆ ಗಂಡ ಎದ್ದು, "ಬಾ, ಚಹಾ ಮಾಡುವ" ಎನ್ನುತ್ತಾರೆ. ಚಹಾಕ್ಕೆ ಇಬ್ಬರು ಬೇಕಿಲ್ಲ. ನಾನೂ ಹೋಗುತ್ತೇನೆ. ಹಾಲ್ ಅಷ್ಟು ಹೊತ್ತು ಖಾಲಿ ಇರುತ್ತದೆ. ಮೊನ್ನೆ ಹೀಗೆ ಅಡುಗೆಮನೆಯಲ್ಲಿ ನಿಂತಿದ್ದಾಗ ಕುರ್ಚಿ ಕಿರ್ ಎಂದಿತು.

"ಸಂಜೆ ತಂಪಿಗೆ ಮರ ಕುಗ್ತದೆ" ಎಂದರು ಗಂಡ, ನಾನು ಕೇಳುವ ಮೊದಲೇ.

"ಹೌದು" ಎಂದೆ.

ನೀರು ಕುದಿದು ಉಕ್ಕಿತು. ಗಂಡ ಒಲೆ ಸಣ್ಣ ಮಾಡಿದರು. ಸ್ವಲ್ಪ ಬಿಟ್ಟು ಕುರ್ಚಿ ಇನ್ನೊಮ್ಮೆ ಕಿರ್ ಎಂದಿತು. ಇಬ್ಬರೂ ಹೋಗಿ ನೋಡಲಿಲ್ಲ.